ಹೊಳಿಯಮ್ಮ ಕೀಲಿ ಹಾಕಿ ಬಂದ ಮನೆ

ನಾನು ಮೊದಲ ಸಲ ಸಮುದ್ರಕ್ಕೆ ಇಳಿದದ್ದು ಗೋವಾದಲ್ಲಿ. ಇಳಿದ ಕೂಡಲೇ ನನ್ನ ತಲೆ ಕೆಳಗಾಯಿತು, ಹಿಂಭಾಗ ಮೇಲಾಯಿತು. ಇದಕ್ಕೆ ಕೊಪ್ಪಳದ ಪಕ್ಕದ ಭಾಗ್ಯನಗರದ ದರ್ಜಿಯೊಬ್ಬನೇ ಕಾರಣ ಎಂದರೆ ಅನ್ಯಾಯವಾದೀತು. ಈಜುವ ಚಡ್ಡಿ ಹೊಲಿದುಕೊಡು ಎಂದಾಗ ಅವನು ಅಂಥದೊಂದನ್ನು ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ಇಬ್ಬರೂ ಕೂಡಿ ಬುದ್ಧಿ ಓಡಿಸಿ, ಪಟ್ಟೆಪಟ್ಟೆಯ ಗಟ್ಟಿ ಬಟ್ಟೆಯಲ್ಲಿ, ಬೆಳೆಯುವ ಹುಡುಗನಿಗೆ ಹೊಲಿದ ಹಾಗೆ ಧಾರಾಳವಾಗಿ ಹೊಲಿಸಿದೆವು. ಸೊಂಟಕ್ಕೊಂದು ಲಾಡಿ ಸಾಲದೆಂದು ಎರಡೂ ಮೊಣಕಾಲಿಗೆ ಒಂದೊಂದು ಲಾಡಿ ಇಟ್ಟ. "ನೀರು ಒಳಗ ಹೋಗಬಾರದು ನೋಡ್ರಿ" ಎಂದ. ನೀರು ಒಳಗೆ ಹೋಗಲಿಲ್ಲ. ಗಾಳಿ ಹೊರಗೆ ಬರಲಿಲ್ಲ.

ದೋಣಿಯವನು ಬಿದಿರಿನ ಗಳದಿಂದ ನನ್ನನ್ನು ಎಳೆದುಕೊಂಡು, ಲಾಡಿ ಬಿಚ್ಚಿ ಗಾಳಿ ತೆಗೆದು, ಮೇಲಕ್ಕೆ ಎತ್ತಿದ. ದೋಣಿಯಲ್ಲಿದ್ದ ಪುಣೆಯ ಕುಟುಂಬವೊಂದು ಸಭ್ಯತೆಯಿಂದ ದೂರದ ಗುಡ್ಡ ನೋಡುತ್ತಿತ್ತು. ನಮ್ಮ ದಾವಲಬೀ ಬಾಯಿಗೆ ಸೆರಗು ತುರುಕಿಕೊಂಡು ಬೆನ್ನು ತಿರುಗಿಸಿದ್ದಳು. ಹೊಳಿಯಮ್ಮ ಮಾತ್ರ ನಗಲಿಲ್ಲ.

"ಸಾಹೇಬ್ರ, ತಳದಾಗ ಏನರ ಕಂಡ್ತೇನ್ರಿ?"

"ಏನೂ ಕಾಣಲಿಲ್ಲ. ನೀರು ಕುಡದೆ."

"ಹಂಗಾರ ಆ ಕನ್ನಡಕ ಇತ್ಲಾಗ ಕೊಡ್ರಿ" ಎಂದು ನನ್ನ ಮುಖಕ್ಕೆ ಕಟ್ಟಿದ್ದ ಈಜುಗನ್ನಡಕದ ಕಡೆ ಕೈ ಚಾಚಿದಳು.

ಆಗ ನಾನು ಕೊಪ್ಪಳದ ಒಂದು ಸರ್ಕಾರಿ ಹುಡುಗರ ಹಾಸ್ಟೆಲಿನ ವಾರ್ಡನ್. ಹೊಳಿಯಮ್ಮ ಅಲ್ಲಿಯ ಅಡುಗೆಯವಳು, ದಾವಲಬೀ ಅವಳ ಜೊತೆಗಾತಿ. ಕಾಗದದ ಮೇಲೆ ಹಾಸ್ಟೆಲ್ ನಡೆಸುತ್ತಿದ್ದವನು ನಾನು. ಕಾಗದದ ಆಚೆ ಹೊಳಿಯಮ್ಮನೇ ನಡೆಸುತ್ತಿದ್ದಳು. ಕಚ್ಚೆ ಹಾಕಿದ ಇಲಕಲ್ ಸೀರೆ, ಹಣೆ ತುಂಬ ಕುಂಕುಮ, ಒಲೆಯ ಮುಂದೆ ಕೂತರೆ ರೊಟ್ಟಿ ಬಡಿಯುವ ಸದ್ದು ಕಚೇರಿಯವರೆಗೂ ಕೇಳುತ್ತಿತ್ತು. ಆ ಸದ್ದು ನಿಂತಿತೆಂದರೆ ನಾನು ಬೆಚ್ಚಿ ಏಳುತ್ತಿದ್ದೆ. ಅವಳು ಹಾಸ್ಯ ಮಾಡುವಾಗ ನಗುತ್ತಿರಲಿಲ್ಲ, ಬೈಯುವಾಗಲೂ ನಗುತ್ತಿರಲಿಲ್ಲ. ಈಗ ನಡೆದದ್ದು ಯಾವುದು ಎಂದು ತಿಳಿಯದೆ ನಾನು ಎರಡಕ್ಕೂ ಹೊಂದುವಂಥ ಒಂದು ಮುಖ ರೂಢಿಸಿಕೊಂಡಿದ್ದೆ.

ಅವಳ ಸೊಂಟದಲ್ಲಿ ಸುಣ್ಣದ ಡಬ್ಬಿಯ ಪಕ್ಕ ಒಂದು ಕಬ್ಬಿಣದ ಕೀಲಿಕೈ ಸದಾ ತೂಗುತ್ತಿತ್ತು. ಉಗ್ರಾಣದ್ದಿರಬೇಕು ಎಂದು ನಾನು ಅಂದುಕೊಂಡಿದ್ದೆ. ಒಮ್ಮೆ ಉಗ್ರಾಣದ ಕೀಲಿಕೈ ಕಳೆದು, "ನಿನ್ನ ಹಂತೇಕಿಂದು ಕೊಡು" ಎಂದು ಕೇಳಿದಾಗ ವಿಷಯ ಹೊರಬಿತ್ತು.

"ಇದು ನಮ್ಮ ಮನೀದ್ರಿ."

"ನಿಮ್ಮ ಮನಿಗೆ ಚಿಲಕ ಅಷ್ಟ ಅಲ್ಲೇನು?"

"ಈ ಮನಿ ಅಲ್ರಿ. ನೀರಾಗಿನ ಮನಿ."

ಡ್ಯಾಮು ಕಟ್ಟಿದಾಗ ಹೊಳೆಸಾಲಿನ ಹಲವು ಹಳ್ಳಿಗಳು ನೀರಿಗೆ ಹೋದವು. ಅವಳ ಗಂಡನ ಊರೂ ಅದರಲ್ಲಿ ಒಂದು. ಹೊಸ ಊರಿಗೆ ಹೊರಡುವ ದಿನ ಎಲ್ಲರೂ ತಮ್ಮ ಬಾಗಿಲು, ತೊಲೆ, ಜಂತಿ ಕಿತ್ತು ಬಂಡಿಗೆ ಹೇರಿದರು. ಇವರ ಬಾಗಿಲಿಗೆ ಗೆದ್ದಲು ಹಿಡಿದಿದ್ದರಿಂದ ಅದನ್ನು ಅಲ್ಲಿಯೇ ಬಿಟ್ಟರು. ಹಿರಿಯ ಸೊಸೆಯಾದ ಹೊಳಿಯಮ್ಮ ಕೊನೆಗೆ ಹೊರಬಂದವಳು. ನೆಲ ಸಾರಿಸಿದಳು, ಹೊಸ್ತಿಲಿಗೆ ಅರಿಷಿಣ ಹಚ್ಚಿದಳು, ಸಂತೆಗೆ ಹೋಗುವ ದಿನದ ಹಾಗೆ ಕದ ಎಳೆದು ಕೀಲಿ ಹಾಕಿದಳು. ಇದು ಹೊಳಿಯಮ್ಮನ ಹೇಳಿಕೆ.

ಅವಳ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ ಕನಕಮ್ಮನ ಹೇಳಿಕೆ ಬೇರೆ. ಬಂಡಿ ತಿರುವಿನಲ್ಲಿ ಹೊರಳುವಾಗ ತಾನು ಹಿಂತಿರುಗಿ ನೋಡಿದೆ, ಕದ ಹಾರುಹೊಡೆದಿತ್ತು, ಮನೆಯ ಲಕ್ಷ್ಮಿ ಆ ಬಾಗಿಲಿನಿಂದಲೇ ಹೊಳೆಗೆ ಇಳಿದು ಹೋದಳು ಎಂದು ಅವಳ ವಾದ. ಅಂದಿನಿಂದ ಹೊಸ ಊರಿನಲ್ಲಿ ಎಮ್ಮೆ ಗಬ್ಬ ನಿಲ್ಲಲಿಲ್ಲವೆಂದರೆ ಆ ಬಾಗಿಲು ಕಾರಣ, ಮಳೆ ಜೋರಾಗಿ ಮಾಳಿಗೆ ಸೋರಿದರೆ ಆ ಬಾಗಿಲು ಕಾರಣ, ಕನಕಮ್ಮನ ಗಂಡ ಇಸ್ಪೀಟಿಗೆ ಕೂತರೂ ಅದೇ ಬಾಗಿಲು ಕಾರಣ. ಇದನ್ನೆಲ್ಲ ಹೊಳಿಯಮ್ಮ ತಡೆದುಕೊಂಡಾಳು. ತಡೆಯಲಾಗದ್ದು ಒಂದಿತ್ತು. ಅವರ ಮನೆತನದ ಮದುವೆಗಳಲ್ಲಿ ಮದುಮಕ್ಕಳಿಗೆ ಮೊದಲ ಅರಿಷಿಣ ಹಚ್ಚುವುದು ಹಿರಿಯ ಸೊಸೆ. ಅತ್ತೆ ತೀರಿಕೊಂಡ ಮೇಲೆ ಅರಿಷಿಣದ ಬಟ್ಟಲನ್ನು ಕನಕಮ್ಮ ಕೈಗೆ ತೆಗೆದುಕೊಂಡಳು. "ಮನಿ ತೆರದಿಟ್ಟು ಬಂದ ಕೈ ಬ್ಯಾಡ" ಎಂದಳು. ಮನೆತನದವರೂ ಸುಮ್ಮನಾದರು. ಅಂದಿನಿಂದ ಹೊಳಿಯಮ್ಮ ಪ್ರತಿ ಮದುವೆಯಲ್ಲೂ ಅಡುಗೆಮನೆಯಲ್ಲಿ ಕೂತು ಹೂರಣ ರುಬ್ಬಿದಳು.

ಅವಳ ಗಂಡ ದುರುಗಪ್ಪನನ್ನು ನಾನೇ ವಿಚಾರಿಸಿದೆ. ಅವನು ಬೀಡಿ ತುದಿ ನೋಡುತ್ತ, "ನಾ ಎತ್ತಿಗೆ ನೀರು ಕುಡಸಾಕ ಹೋಗಿದ್ನ್ರಿ" ಎಂದ. ಇಷ್ಟು ವರ್ಷಗಳಿಂದ ಅವನು ಆ ಎತ್ತಿಗೆ ನೀರು ಕುಡಿಸುತ್ತಲೇ ಇದ್ದ.

ನಾನು ಬುದ್ಧಿವಂತಿಕೆ ತೋರಿಸಲು ಹೋಗಿ, "ಮಣ್ಣಿನ ಗ್ವಾಡಿ, ಹೊಳಿಯಮ್ಮ. ಮೊದಲನೇ ವರ್ಷನ ಕರಗಿ ರಾಡಿ ಆಗಿರತೈತಿ" ಎಂದೆ.

"ಗ್ವಾಡಿ ಕರಗಲಿ ಬಿಡ್ರಿ. ಕೀಲಿ ಕಬ್ಬಿಣದ್ದು."

ಎಂಬತ್ತೆರಡರ ಚಳಿಗಾಲದಲ್ಲಿ ನಮ್ಮ ನೌಕರರೆಲ್ಲ ಸೇರಿ ಗೋವಾಕ್ಕೆ ಒಂದು ಮೆಟಾಡೋರ್ ಗೊತ್ತುಮಾಡಿದರು. ಊಟದ ಹೊತ್ತಿನಲ್ಲಿ ನಾನು ಅದರ ವರ್ಣನೆ ಶುರು ಮಾಡಿದೆ. ದೋಣಿಯಲ್ಲಿ ಸಮುದ್ರದ ನಡುವೆ ಕರೆದುಕೊಂಡು ಹೋಗುತ್ತಾರೆ, ಚಹಾ, ಊಟ, ತಿರುಗಾಟ ಎಲ್ಲ ಒಂದೇ ಟಿಕೀಟಿನಲ್ಲಿ ಸೇರಿದೆ, ಕಣ್ಣಿಗೆ ಗಾಜಿನ ಕನ್ನಡಕ ಕಟ್ಟಿ ಬಾಯಿಗೆ ಒಂದು ಕೊಳವೆ ಕೊಡುತ್ತಾರೆ, ನೀರಿನಲ್ಲಿ ಮುಖ ಇಟ್ಟರೆ ತಳದಲ್ಲಿರುವುದೆಲ್ಲ ಅಂಗೈಯಲ್ಲಿದ್ದ ಹಾಗೆ ಕಾಣುತ್ತದೆ ಎಂದೆ. ರೊಟ್ಟಿಯ ಸದ್ದು ನಿಂತಿತು.

"ತಳಾ ಕಾಣತೈತ್ರಿ?"

"ಕಾಣತೈತಿ."

"ನಾನೂ ಬರತೀನ್ರಿ." ದೀಪಾವಳಿಗೂ ರಜೆ ಕೇಳದವಳು ಹಾಗೆ ಹೇಳಿ ಮತ್ತೆ ರೊಟ್ಟಿ ಬಡಿಯತೊಡಗಿದಳು. ಅವಳೊಬ್ಬಳೇ ಹೇಗೆ ಹೋಗುತ್ತಾಳೆ ಎಂದು ದಾವಲಬೀಯೂ ಹೊರಟಳು. ದೋಣಿಯವರ ಹಿಂದಿ ತಿಳಿಯುವವರು ನಮ್ಮಲ್ಲಿ ಅವಳೊಬ್ಬಳೇ ಆದ್ದರಿಂದ ಅನುಕೂಲವೇ ಆಯಿತು.

ದಂಡೆಗೆ ಬಂದಾಗ ಉಳಿದ ನೌಕರರು ಅಲೆ ನೋಡಿ, ಮರಳಿನ ಮೇಲೆ ಕೂತು ಭಜಿ ತಿನ್ನುವುದೇ ಕ್ಷೇಮವೆಂದು ತೀರ್ಮಾನಿಸಿದರು. ನಮ್ಮ ಪೈಕಿ ದೋಣಿ ಹತ್ತಿದವರು ನಾವು ಮೂವರೇ. ಲಂಗರು ಹಾಕಿದ ಜಾಗ ಬಂದಾಗ ಅಲ್ಲಿ ಯಾರೂ ನೀರಿಗೆ ಇಳಿಯದಂತೆ ಹೊಳಿಯಮ್ಮ ಅಡ್ಡ ನಿಂತಳು.

"ಗಂಗವ್ವಗ ಕೊಡಲಾರದ ಇಳಿಯಂಗಿಲ್ಲ."

ಸೆರಗಿನ ಗಂಟಿನಿಂದ ಅರಿಷಿಣ, ಕುಂಕುಮ ತೆಗೆದು ನೀರಿಗೆ ಬಿಟ್ಟಳು. ರೊಟ್ಟಿ ಮುರಿದು, ಮೇಲೆ ಶೇಂಗಾ ಚಟ್ನಿ ಇಟ್ಟು ತೇಲಿಬಿಟ್ಟಳು. ಪುಣೆಯವರು ಇದೂ ಟಿಕೀಟಿನಲ್ಲಿ ಸೇರಿದ ಕಾರ್ಯಕ್ರಮವೆಂದು ತಿಳಿದು ಫೋಟೋ ತೆಗೆದರು. ಆಮೇಲೆ ಬೊಗಸೆಯಲ್ಲಿ ನೀರು ತುಂಬಿ ತೀರ್ಥದ ಹಾಗೆ ಬಾಯಿಗೆ ಹಾಕಿಕೊಂಡ ಹೊಳಿಯಮ್ಮ ನನ್ನ ಕಡೆ ತಿರುಗಿದಳು.

"ಹಾಸ್ಟೆಲ್ ಸಾರಿಗೆ ಇಷ್ಟು ಉಪ್ಪು ಬಿದ್ದಿದ್ರ ನೀವು ನನಗ ಮೆಮೋ ಕೊಡತಿದ್ರಿ."

ಇದಾದ ಮೇಲೆ, ನಾಯಕನಾದವನು ಮೊದಲು ಇಳಿಯಬೇಕೆಂಬ ಭ್ರಮೆಯಲ್ಲಿ ನಾನು ಹಾರಿದೆ. ಮುಂದಿನದು ನಿಮಗೆ ಗೊತ್ತೇ ಇದೆ.

ಹೊಳಿಯಮ್ಮನಿಗೆ ಕನ್ನಡಕ ಕೊಡಲು ದೋಣಿಯವನು ಒಪ್ಪಲಿಲ್ಲ. ನನ್ನನ್ನು ಎತ್ತಿದ ಆಯಾಸ ಅವನಿಗೆ ಇನ್ನೂ ಇತ್ತು. ಕೈ ಆಡಿಸಿ ಏನೇನೋ ಹೇಳಿದ.

"ಏನಂತಾನ?" ಎಂದಳು ಹೊಳಿಯಮ್ಮ.

"ಸೀರಿ ಉಟಗೊಂಡು ಇಳದ್ರ ಕಾಲಿಗೆ ಸುತ್ತಗೊಂತೈತಿ, ಮುದುಕ್ಯಾರಿಗೆ ಇಲ್ಲ ಅಂತಾನವ್ವಾ" ಎಂದಳು ದಾವಲಬೀ.

"ಟಿಕೀಟಿನಾಗ ಎಲ್ಲಾ ಸೇರೇತಿ ಅಂದಿದ್ದ. ಎಲ್ಲಾ ಅಂದ್ರ ಮುದುಕ್ಯಾರೂ ಸೇರ್ಯಾರ ಅಂತ ಹೇಳು. ಇಲ್ಲಂದ್ರ ಅಂವ ಉಣಿಸೂ ಊಟ ನನಗ ಬ್ಯಾಡ, ಕುಡಿಸಿದ ಚಾನೂ ವಾಂತಿ ಮಾಡಿ ವಾಪಸ್ ಕೊಡತೀನಿ ಅಂತ ಹೇಳು."

ದಾವಲಬೀ ಇದನ್ನು ಎಷ್ಟು ಸೌಮ್ಯ ಮಾಡಿ ಹೇಳಿದಳೋ ತಿಳಿಯದು. ದೋಣಿಯವನು ತನ್ನ ಹಾಸುಹಲಗೆಯ ಕಡೆ ನೋಡಿ, ಆತುರದಿಂದ ಕನ್ನಡಕ ಕೊಟ್ಟ. ದೋಣಿಯ ಹಿಂಬದಿಯ ಏಣಿಯ ಮೇಲೆ ಕೂತು, ಮುಖ ಮಾತ್ರ ಅದ್ದಬೇಕು ಎಂದು ಒಪ್ಪಂದವಾಯಿತು. ಹೊಳಿಯಮ್ಮ ಕಚ್ಚೆ ಬಿಗಿದು, ಸೊಂಟದ ಕೀಲಿಕೈ ಒಮ್ಮೆ ಮುಟ್ಟಿ ನೋಡಿಕೊಂಡು ಇಳಿದಳು. ದಾವಲಬೀ ಅವಳ ಸೀರೆಯ ಗಂಟನ್ನು ಎರಡೂ ಕೈಯಿಂದ ಹಿಡಿದಳು. ದಾವಲಬೀಯನ್ನು ನಾನು ಹಿಡಿಯುವುದು ಸರಿಯಲ್ಲವಾದ್ದರಿಂದ ನಾನು ದೋಣಿಯನ್ನು ಹಿಡಿದುಕೊಂಡೆ.

ಅಲ್ಲಿ ತಳದಲ್ಲಿ ಹಳೆಯದೊಂದು ದೋಣಿ ಮುಳುಗಿ ಕೂತಿತ್ತು, ಅದರ ಮೇಲೆ ಸಣ್ಣ ಕೋಣೆಯಂಥದ್ದೂ ಇತ್ತು. ಅದನ್ನು ತೋರಿಸಲೆಂದೇ ಪ್ರವಾಸಿಗಳನ್ನು ಅಲ್ಲಿಗೆ ತರುತ್ತಿದ್ದರು. ಹೊಳಿಯಮ್ಮ ಮುಖ ಇಟ್ಟವಳು ಎತ್ತಲೇ ಇಲ್ಲ. ಪುಣೆಯವರು ಸರದಿಗಾಗಿ ಕೆಮ್ಮಿದರು. ದಾವಲಬೀ, "ಅವ್ವಾ, ಜೀವಂತ ಅದೀಯೋ ಇಲ್ಲೋ?" ಎಂದು ಗಂಟು ಜಗ್ಗಿದಳು. ಕೊಳವೆಯಿಂದ ಬುಸ್ ಎಂದು ನೀರು ಹಾರಿತು. ಅದನ್ನೇ ಉತ್ತರವೆಂದು ತಿಳಿದೆವು.

ಕೊನೆಗೆ ತಲೆ ಎತ್ತಿದಳು. ಹಣೆಯ ಕುಂಕುಮವೆಲ್ಲ ಇಳಿದು ಗಾಜಿನ ಅಂಚಿನಲ್ಲಿ ನಿಂತಿತ್ತು.

"ದಾವಲಬೀ, ಅವನ್ನ ಕೇಳು. ಆ ಕ್ವಾಣಿ ಬಾಗಲಾ ಮುಚ್ಚೇತಿ. ಮೀನ ಮಾತ್ರ ಒಳಗ ಹೊಕ್ಕಾವು, ಹೊರಗ ಬರತಾವು. ಹೆಂಗ?"

ದಾವಲಬೀ ಕೇಳಿ ತಿಳಿದು ಹೇಳಿದಳು. "ಬಾಜೂಕ ಖಿಡಕಿ ಐತಂತವ್ವಾ. ಅದು ತೆರದೈತಂತ."

ಕಿಟಕಿಯ ಮಾತು ಕೇಳಿ "ಹೂಂ" ಎಂದಳು ಹೊಳಿಯಮ್ಮ. ಕನ್ನಡಕವನ್ನು ಪುಣೆಯವರ ಕೈಗಿಟ್ಟು, ದೋಣಿಯ ಮೂಲೆಗೆ ಹೋಗಿ ಕೂತಳು.

ಟಿಕೀಟಿನಲ್ಲಿ ಸೇರಿದ್ದ ಊಟ ಬಂತು. ಮೀನಿನ ಸಾರು, ಹುರಿದ ಮೀನು, ಅನ್ನ. ಸಸ್ಯಾಹಾರಿಯಾದ ನನ್ನ ಪಾಲಿಗೆ ಅದರಲ್ಲಿ ಸೇರಿದ್ದು ಬಾಳೆಲೆ ಮಾತ್ರ. ಹೊಳಿಯಮ್ಮ ತನ್ನ ಬುತ್ತಿಯ ರೊಟ್ಟಿ ನನ್ನ ಮುಂದೆ ಸರಿಸಿದಳು, ತಾನು ಉಣ್ಣಲಿಲ್ಲ. ಡ್ಯಾಮಿನ ರಾಡಿಯಲ್ಲಿ ಹೀಗೆ ತಿಳಿಯಾಗಿ ಕಾಣುವುದಿಲ್ಲವೆಂದು ಅವಳಿಗೆ ಹೊಳೆದಿರಬೇಕು, ಬಂದದ್ದು ವ್ಯರ್ಥವಾಯಿತೆಂದು ಬೇಸರವಾಗಿರಬೇಕು ಎಂದು ನಾನು ಎಣಿಸಿದೆ. ದಾರಿಯುದ್ದಕ್ಕೂ, ಹುಬ್ಬಳ್ಳಿ ದಾಟಿ ಗದಗ ಬಂದರೂ, ಅವಳು ಮಾತಾಡಲಿಲ್ಲ.

ಮಾತಾಡಿದ್ದು ಕನಕಮ್ಮನ ಮುಂದೆ. ಸಂಕ್ರಾಂತಿ ಆದ ಮೇಲೆ ಕನಕಮ್ಮ ತನ್ನ ಮಗನ ಮದುವೆಗೆ ಕರೆಯಲು ಹಾಸ್ಟೆಲಿಗೆ ಬಂದಳು. ನನಗೂ ಅಕ್ಷತೆ ಕೊಟ್ಟು, ಅಡುಗೆಮನೆಯ ಕಟ್ಟೆಯ ಮೇಲೆ ಕೂತಳು.

"ಅಕ್ಕಾ, ಗೋವಾಕ್ಕ ಹೋಗಿ ನೀರಾಗ ಮುಖಾ ಇಟ್ಟು ಬಂದ್ಯಂತ. ಊರೆಲ್ಲಾ ನಗಾಕ ಹತ್ತೇತಿ."

"ನಗವಲ್ರ್ಯಾಕ. ತಳಾ ಕಾಣತೈತಬೇ ಕನಕಿ. ಬಾಗಲಾ ಮುಚ್ಚೇತೋ ತೆರದೈತೋ, ಅಷ್ಟೂ ಕಾಣತೈತಿ."

ಕನಕಮ್ಮ ನಕ್ಕಳು. ಆಮೇಲೆ ನನ್ನ ಕಡೆ ನೋಡಿದಳು. "ಖರೇನ್ರಿ ಸಾಹೇಬ್ರ?"

ಚಡ್ಡಿಯ ಗಾಳಿಯ ಹೊರತು ಏನನ್ನೂ ಕಾಣದ ನಾನು, "ಕನ್ನಡಿ ಕಂಡಂಗ ಕಾಣತೈತಿ" ಎಂದೆ.

"ಕೇಳಿದೆಲ್ಲಾ? ಸಾಹೇಬ್ರು ಅಂಥಾದೊಂದು ಕನ್ನಡಕ ತರಸ್ತಾರ" ಎಂದಳು ಹೊಳಿಯಮ್ಮ. ಇದು ನನಗೆ ಹೊಸ ಸುದ್ದಿ. "ಲಗ್ನಕ್ಕ ಮೊದಲ ಹರಗೋಲ ಮಾಡಿಸಿ ಡ್ಯಾಮಿನಾಗ ನಡುನೀರಿಗೆ ಹೋಗೂಣು. ನಾ ನೋಡಿದ್ರ ನೀ ನಂಬಂಗಿಲ್ಲ. ನೀನ ಮುಖಾ ಇಟ್ಟು ನೋಡು. ಕೀಲಿ ಇಲ್ಲಂದ್ರ ನಾ ಮತ್ತ ಅರಿಷಿಣದ ಸುದ್ದಿ ತಗಿಯಂಗಿಲ್ಲ. ಕೀಲಿ ಐತಿ ಅಂದ್ರ ನೀ ಕುಲದವರ ಮುಂದ ಹೇಳಬೇಕು."

"ನನಗ ನೀರಂದ್ರ ಅಂಜಿಕಿ ಐತೆಕ್ಕಾ."

"ಸಾಹೇಬ್ರು ಹಿಡಕೊಂತಾರ."

ಕನಕಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಚಡ್ಡಿಯ ಕತೆ ಅವಳಿಗೂ ಮುಟ್ಟಿತ್ತೆಂದು ಕಾಣುತ್ತದೆ. ಎಲೆಗೆ ಸುಣ್ಣ ಹಚ್ಚಿದಳು, ಹಚ್ಚಿದ್ದನ್ನು ಒರೆಸಿದಳು, ಮತ್ತೆ ಹಚ್ಚಿದಳು.

"ಅವತ್ತ ಧೂಳ ಭಾಳ ಇತ್ತು" ಎಂದಳು ಕೊನೆಗೆ. "ನಾ ಬಂಡ್ಯಾಗ ಕೂಸಿನ್ನ ಎತಗೊಂಡಿದ್ದೆ. ನೀ ಹಾಕಿದ್ದರೂ ಹಾಕಿರಬೇಕು ತಗಿ. ಲಗ್ನದ ಹೊತ್ತಿನ್ಯಾಗ ನೀರಿಗೆ ಯಾಕ ಹೋಗೋದು? ಬಂದು ಅರಿಷಿಣ ಹಚ್ಚಿ ಹೋಗು."

ಹೊಳಿಯಮ್ಮ ಗೆದ್ದವಳ ಹಾಗೆ ಏನೂ ತೋರಿಸಲಿಲ್ಲ. "ಹಿಟ್ಟು ಒಣಗಾಕ ಹತ್ತೇತಿ" ಎಂದು ಎದ್ದು ಒಲೆಯ ಕಡೆ ಹೋದಳು.

ಮದುವೆಗೆ ನಾನು ಹೋದೆ. ಹಂದರದಲ್ಲಿ ಮಣೆಯ ಮೇಲೆ ಹುಡುಗ ಕೂತಿದ್ದ. ಹೊಸ ಇಲಕಲ್ ಸೀರೆ ಉಟ್ಟ ಹೊಳಿಯಮ್ಮ ಬಟ್ಟಲು ಹಿಡಿದು ಎಲ್ಲರಿಗಿಂತ ಮೊದಲು ಅವನ ಗಲ್ಲಕ್ಕೆ, ತೋಳಿಗೆ, ಪಾದಕ್ಕೆ ಅರಿಷಿಣ ಹಚ್ಚಿದಳು. ಕನಕಮ್ಮ ಅವಳ ಹಿಂದೆ ನಿಂತು ಸರದಿ ಕಾಯುತ್ತಿದ್ದಳು. ದುರುಗಪ್ಪ ಆ ಹೊತ್ತಿಗೆ ಸರಿಯಾಗಿ ಎಲ್ಲಿಗೋ ಹೋಗಿದ್ದ.

ಕೈ ತೊಳೆಯಲು ಹೊಳಿಯಮ್ಮ ನೀರಿನ ಹರವಿಯ ಕಡೆ ಬಂದಾಗ ನಾನು ಚೊಂಬಿನಿಂದ ನೀರು ಹಾಕಿದೆ. ಸೊಂಟದಲ್ಲಿ ಕೀಲಿಕೈ ಇತ್ತು, ಅದಕ್ಕೂ ಅರಿಷಿಣ ಹತ್ತಿತ್ತು. ಸುತ್ತ ಯಾರೂ ಇರಲಿಲ್ಲ.

"ಹೊಳಿಯಮ್ಮ, ಈಗ ಎಲ್ಲಾ ಮುಗೀತು. ಖರೆ ಹೇಳು. ಅವತ್ತ ಬಾಗಲಕ್ಕ ಕೀಲಿ ಹಾಕಿದ್ದೇನು?"

ಅವಳು ಬೆರಳ ಸಂದಿಯ ಹಳದಿಯನ್ನು ನಿಧಾನವಾಗಿ ಉಜ್ಜಿಕೊಂಡಳು.

"ಹಾಕಿದ್ದೆ ಸಾಹೇಬ್ರ. ಖಿಡಕಿ ತೆರದು ಬಂದಿದ್ದೆ."