ಶುಕ್ರವಾರಕ್ಕಾಗಿ ನಿಲ್ಲಿಸಿದ ಸಿರಪ್

ಆ ಸಿರಪ್ಪಿನ ಬಾಟಲಿ ಎಲ್ಲಿ ಕಂಡರೂ ಇವತ್ತಿಗೂ ನನ್ನ ಎದೆ ಧಸಕ್ಕೆನ್ನುತ್ತದೆ. ಸಕ್ಕರೆ ಪಾಕದಂಥ ಅಂಟು ಔಷಧ. ನನ್ನ ತಂದೆಗೆ, ನಾವು ಕರೆಯುತ್ತಿದ್ದಂತೆ ಬಾಪನಿಗೆ, ಅದನ್ನು ದಿನಕ್ಕೆ ಮೂರು ಸಲ ಕುಡಿಸುವ ಕೆಲಸ ನನ್ನದಾಗಿತ್ತು. ತೊಂಬತ್ತರ ದಶಕದ ಕೊನೆ. ನನ್ನ ತಾಯಿ, ಉಮ್ಮ, ತೀರಿಕೊಂಡಿದ್ದರು, ನನ್ನ ಗಂಡ ಗಲ್ಫಿನಲ್ಲಿದ್ದರು. ಹಾಗಾಗಿ ವಿಟ್ಲದ ಗಂಡನ ಮನೆ ಬಿಟ್ಟು ಫರಂಗಿಪೇಟೆಯ ತವರಿಗೆ ಬಂದು ಕೂತಿದ್ದೆ.

ಬಾಪನದು ಹೆದ್ದಾರಿ ಬದಿಯಲ್ಲೊಂದು ಚಪ್ಪಲಿ ಅಂಗಡಿ. ಯಾವತ್ತೋ ಬಂದು ಹೋದ ಕಾಮಾಲೆ ಒಳಗೊಳಗೇ ಅವರ ಲಿವರನ್ನು ತಿಂದು ಹಾಕಿತ್ತು. ಜೀವಮಾನದಲ್ಲಿ ಒಂದು ತೊಟ್ಟು ಮದ್ಯ ಮುಟ್ಟಿದವರಲ್ಲ. ಆದರೂ ಲಿವರ್ ಎಂದ ಕೂಡಲೇ ಜನರ ಹುಬ್ಬು ಮೇಲೇರುತ್ತಿತ್ತು. ಒಬ್ಬೊಬ್ಬರಿಗೂ ಸಮಜಾಯಿಷಿ ಕೊಟ್ಟು ಕೊಟ್ಟು ನನಗೆ ರೋಸಿ ಹೋಗಿತ್ತು.

ಸಿರಪ್ಪಿನ ಕೆಲಸ ಭೇದಿ ಮಾಡಿಸುವುದು. ದಿನಕ್ಕೆ ಎರಡು ಮೂರು ಸಲ ಹೊಟ್ಟೆ ಸಡಿಲವಾಗಿ ಹೋಗಲೇಬೇಕು ಎಂದು ಡಾಕ್ಟರು ಹೇಳಿದ್ದರು. ಯಾಕೆ ಎಂದೂ ಹೇಳಿದ್ದರೋ, ನಾನೇ ಕಿವಿಗೆ ಹಾಕಿಕೊಳ್ಳಲಿಲ್ಲವೋ, ಈಗ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಭೇದಿ ಎಂದರೆ ಕಾಯಿಲೆ. ದಾಳಿಂಬೆ ಸಿಪ್ಪೆ ಅರೆದು ಮಜ್ಜಿಗೆಯಲ್ಲಿ ಕುಡಿಸಿ ಅದನ್ನು ನಿಲ್ಲಿಸಬೇಕು. ಬೇಕೆಂದೇ ಬರಿಸಿಕೊಳ್ಳುವ ಭೇದಿ ನನ್ನ ತಲೆಗೆ ಹೋಗಲೇ ಇಲ್ಲ. ಆದರೂ ಬಾಪ ದಿನಕ್ಕೆ ಎಷ್ಟು ಸಲ ಹೋದರು ಎಂದು ಡಾಕ್ಟರು ಹೇಳಿದಂತೆ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ.

ಕಷ್ಟ ಬಂದದ್ದು ಶುಕ್ರವಾರಗಳಲ್ಲಿ. ಕೈಕಾಲು ಮುಖ ತೊಳೆದು ಶುದ್ಧವಾಗುವ ವುಳೂ ಮಾಡಿ, ಬಾಪ ಜುಮಾ ನಮಾಜಿನ ಸಾಲಿನಲ್ಲಿ ನಿಂತಿರುತ್ತಿದ್ದರು. ಅಷ್ಟರಲ್ಲಿ ಹೊಟ್ಟೆ ಗುಡುಗುತ್ತಿತ್ತು. ಜನರ ನಡುವೆ ನುಸುಳಿ ಹೊರಗೆ ಓಡಬೇಕಾಗುತ್ತಿತ್ತು. ವುಳೂ ಮುರಿಯಿತು, ನಮಾಜೂ ಹೋಯಿತು. ಮೂರು ವಾರ ಹೀಗೇ ಆಯಿತು. ನಾಲ್ಕನೆಯ ವಾರ, ಬುಧವಾರ ಬೆಳಿಗ್ಗೆ, ನನ್ನ ಮುಖ ನೋಡದೆ ಹೇಳಿದರು:

"ಮಗಳೇ, ಒಂದು ಜುಮಾ ಸರಿಯಾಗಿ ಮಾಡಬೇಕಂತ ಆಸೆ ಉಂಟು ನನಗೆ. ಅಷ್ಟೇ."

ಎರಡು ದಿನ ತಾನೇ ಎಂದುಕೊಂಡು ಸಿರಪ್ ನಿಲ್ಲಿಸಿದೆ. ಯಾರನ್ನೂ ಕೇಳಲಿಲ್ಲ. ಸಾಲದ್ದಕ್ಕೆ ದಾಳಿಂಬೆ ಸಿಪ್ಪೆಯ ಮಜ್ಜಿಗೆಯನ್ನೂ ಕುಡಿಸಿದೆ. ಗುರುವಾರದ ಪುಟದಲ್ಲಿ 'ಒಂದೂ ಇಲ್ಲ' ಎಂದು ಬರೆದು, ಖುಷಿಯಲ್ಲಿ ಅಡಿಗೆರೆ ಬೇರೆ ಎಳೆದೆ. ಅವತ್ತು ಬಾಪ ಹಗಲಿಡೀ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಲೋಟ ಹಿಡಿದ ಕೈ ನಡುಗಿ ಚಾ ಅಂಗಿಯ ಮೇಲೆ ಚೆಲ್ಲಿತು. ಹೊಟ್ಟೆಗೆ ಆರಾಮ ಸಿಕ್ಕಿದೆ, ಅದಕ್ಕೇ ನಿದ್ದೆ ಬರುತ್ತಿದೆ ಎಂದು ನಾನು ತೀರ್ಮಾನಿಸಿದೆ. ನನ್ನ ಬುದ್ಧಿಗಿಷ್ಟು.

ಶುಕ್ರವಾರ ಬಿಳಿ ಅಂಗಿಗೆ ಇಸ್ತ್ರಿ ಹಾಕಿ ಕೊಟ್ಟೆ. ಅತ್ತರು ಹಚ್ಚಿಕೊಂಡು ಹೊರಟರು. ಪಳ್ಳಿ, ಅಂದರೆ ನಮ್ಮ ಮಸೀದಿ, ಐದು ನಿಮಿಷದ ದಾರಿ. ಜುಮಾ ಮುಗಿಯುವ ಮೊದಲೇ ಅಂಗಳಕ್ಕೆ ಒಂದು ರಿಕ್ಷಾ ಬಂತು. ರಿಕ್ಷಾದವನು ಬಾಪನ ತೋಳು ಹಿಡಿದು ಇಳಿಸಿದ. ಅವರು ಪಳ್ಳಿಯ ಕಡೆ ಹೋಗಲೇ ಇಲ್ಲವಂತೆ. ಹೆದ್ದಾರಿ ದಾಟಿ, ಯಾರದೋ ಹಾರ್ಡ್‌ವೇರ್ ಅಂಗಡಿಯ ಶಟರಿಗೆ ತಮ್ಮ ಬೀಗದ ಕೈ ತುರುಕಿ ತಿರುಗಿಸುತ್ತಾ ನಿಂತಿದ್ದರಂತೆ. ದಾಟುವಾಗ ಲಾರಿಯೊಂದು ಸ್ವಲ್ಪದರಲ್ಲಿ ತಪ್ಪಿತಂತೆ.

ಓಡಿ ಹೋಗಿ ಕೈ ಹಿಡಿದುಕೊಂಡೆ. ಬಾಪ ನನ್ನ ಮುಖ ನೋಡಿದರು, ಆಮೇಲೆ ನನ್ನ ಪಾದ ನೋಡಿದರು. ಹುಟ್ಟಿದಂದಿನಿಂದ ನನ್ನೊಡನೆ ನಮ್ಮ ಮನೆಮಾತು ಬ್ಯಾರಿಯಲ್ಲೇ ಮಾತಾಡಿದ ಮನುಷ್ಯ, ಅಂಗಡಿಗೆ ಬಂದ ಗುರುತಿಲ್ಲದ ಗಿರಾಕಿಯೊಡನೆ ಆಡುವ ಶಾಲೆಯ ಕನ್ನಡದಲ್ಲಿ ಕೇಳಿದರು:

"ಬನ್ನಿ, ಕೂತುಕೊಳ್ಳಿ. ಎಷ್ಟನೇ ನಂಬ್ರದ್ದು ಬೇಕು ನಿಮಗೆ?"

ಒಳಗಿಂದ ಡಾಕ್ಟರಿಗೆ ತೋರಿಸುವ ನೋಟ್‌ಬುಕ್ ತಂದು, ಮತ್ತೆ ಬಾಪನನ್ನೇ ನೋಡುತ್ತಾ ನಿಂತೆ. ರಿಕ್ಷಾದವನೇ ಗದರಿಸಿ ನನ್ನನ್ನು ಹತ್ತಿಸಿದ. ಅದೇ ರಿಕ್ಷಾದಲ್ಲಿ ಆಸ್ಪತ್ರೆಗೆ ಹೋದೆವು.

ಡಾಕ್ಟರು ನೋಟ್‌ಬುಕ್ ಬಿಡಿಸಿ ಆ ಅಡಿಗೆರೆಯ ಮೇಲೆ ಬೆರಳಿಟ್ಟರು. "ಇದು ನೀವೇ ಬರೆದದ್ದಾ?" ಎಂದರು. ಹೌದೆಂದೆ. ಕೆಟ್ಟ ಲಿವರಿಗೆ ತೆಗೆಯಲಾಗದ ವಿಷ ಭೇದಿಯಲ್ಲೇ ಹೊರಗೆ ಹೋಗಬೇಕು, ಅದು ನಿಂತರೆ ತಲೆಗೆ ಏರುತ್ತದೆ ಎಂದು ನಿಧಾನವಾಗಿ ವಿವರಿಸಿದರು. ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಮೂರನೆಯ ದಿನ ಬಾಪನಿಗೆ ನನ್ನ ಗುರುತು ಸಿಕ್ಕಿತು. ಮನೆಗೆ ಬಂದ ಮೇಲೆ, ಸಿರಪ್ ಕುಡಿಸುವಾಗ, ನನ್ನ ಕೈ ಹಿಡಿದುಕೊಂಡು ಬ್ಯಾರಿಯಲ್ಲಿ ಹೇಳಿದರು:

"ಅವತ್ತಿನ ಜುಮಾ ಎಷ್ಟು ಚಂದ ಆಯಿತು ನೋಡು. ಒಮ್ಮೆಯೂ ಎದ್ದು ಹೋಗಬೇಕಾಗಿ ಬರಲಿಲ್ಲ. ಎಲ್ಲ ನಿನ್ನಿಂದ."

ಬಿಳಿ ಅಂಗಿ ತೊಟ್ಟದ್ದರವರೆಗೆ ಅವರಿಗೆ ನೆನಪಿತ್ತು, ಮುಂದಿನದನ್ನು ಆಸೆಯೇ ತುಂಬಿಸಿಕೊಂಡಿತ್ತು. ಆಮೇಲೆ ಎರಡು ವರ್ಷ ಬದುಕಿದರು. ಪ್ರತಿ ಶುಕ್ರವಾರ ಪಳ್ಳಿಯ ಬಾಗಿಲ ಬಳಿ ಕೊನೆಯ ಸಾಲಿನಲ್ಲಿ ಕೂತು, ಎದ್ದು ಹೋಗಿ, ಮನೆಗೆ ಬಂದು ಆ ಒಂದು ಜುಮಾವನ್ನು ನೆನೆಯುತ್ತಿದ್ದರು. ಪ್ರತಿ ಸಲವೂ ನಾನು ಹೌದು ಬಾಪ ಎಂದೇ ಹೇಳಿದೆ.