ಮೂಕಿ ಚಿತ್ರದ ಮೋಹಿನಿ ಆಡಿದ ಮಾತು

ಇಂಥದ್ದನ್ನು ಯಾರಾದರೂ ಹೇಳಿದರೆ "ಮೊದಲು ಕಣ್ಣು ತೋರಿಸಿಕೊಳ್ಳಿ" ಎನ್ನುತ್ತಿದ್ದವಳು ನಾನು. ಈಗ ನಾನೇ ಹೇಳಬೇಕಾಗಿದೆ. ನಗುವುದಿದ್ದರೆ ನಗಿ. ನನಗಂತೂ ನೆನೆಸಿಕೊಂಡಾಗಲೆಲ್ಲ ಮೈ ಉರಿಯುತ್ತದೆ.

ಕೆಲವು ವರ್ಷಗಳ ಹಿಂದೆ ಹಳಿಯಾಳದ ಕಾಲೇಜೊಂದರಲ್ಲಿ, ಮೂಕಿ ಚಿತ್ರಗಳ ಮೋಹಿನಿಯರ ಬಗ್ಗೆ ಹುಡುಗಿಯರಿಗೆ ಮಾತಾಡಲು ನನ್ನನ್ನು ಕರೆದಿದ್ದರು. ಕಣ್ಸನ್ನೆಯಲ್ಲೇ ಗಂಡಸರನ್ನು ಕೆಡಿಸುವ ಹೆಂಗಸರು ತಾನೇ, ತಮಾಷೆಯಾಗಿ ಬರೆದುಕೊಂಡಿದ್ದೆ. ತೋರಿಸಲು ಯಾವುದೋ ಹಳೆಯ ಚಿತ್ರದ ಎರಡು ನಿಮಿಷದ ತುಣುಕೂ ಸಿಕ್ಕಿತ್ತು. ಕಾಡಿಗೆ ಕಣ್ಣಿನ ಹೆಂಗಸು, ಅವಳ ಕೈ ಹಿಡಿದ ಜಮೀನ್ದಾರ, ನಡುವೆ 'ಅವಳ ಬಲೆಗೆ ಬಿದ್ದನು' ಎಂಬ ಬರಹ.

ಹಿಂದಿನ ದಿನ ಮಧ್ಯಾಹ್ನ ದಾಂಡೇಲಿಯ ಮನೆಯಲ್ಲಿ ಅದನ್ನು ಲ್ಯಾಪ್‌ಟಾಪಿನಲ್ಲಿ ನೋಡುತ್ತಿದ್ದಾಗ ಮಾವನವರು ಬಂದು ಪಕ್ಕದಲ್ಲಿ ಕೂತರು. ಪೇಪರ್ ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದವರು. ಯಂತ್ರದ ಸದ್ದಿನಲ್ಲಿ ಮಾತು ಕೇಳಿಸದಿದ್ದುದರಿಂದ ಅಲ್ಲಿ ತುಟಿ ನೋಡಿಯೇ ಮಾತು ತಿಳಿಯುವುದು ಅವರಿಗೆ ರೂಢಿಯಾಗಿತ್ತು.

"ಅಕಿ ನಮ್ಮ ಕಡೆ ಮಾತ ಆಡಾಕತ್ತಾಳಲ್ಲ!" ಎಂದರು. "'ಕೈ ಬಿಡ್ರಿ, ನೋಯ್ತೈತಿ. ಮನ್ಯಾಗ ಕೂಸು ಅಳಾಕತ್ತೈತಿ' ಅಂತಾಳ."

ಮೂರು ಸಲ ಹಾಕಿಸಿದರು. ಮೂರು ಸಲವೂ ಅದೇ ಮಾತು. ಅವಳ ತುಟಿ ಆಡುವುದು ನನಗೂ ಕಾಣುತ್ತಿತ್ತು.

"ನಾಳೆ ಆ ಹುಡುಗ್ಯಾರಿಗೆ ಇಷ್ಟು ಹೇಳವಾ."

"ನಿಮ್ಮದೊಂದು, ಮಾವಾರ! ಯಾರು ನಂಬ್ತಾರ? ಬರದಿದ್ದೆಲ್ಲಾ ಹರದು ಒಗೀಲೇನು?" ಎಂದು ರೇಗಿದೆ.

ಮರುದಿನ ಬರೆದದ್ದನ್ನೇ ಓದಿದೆ. ಆ ಹೆಂಗಸನ್ನು ಮನೆಮುರುಕಿ ಎಂದೆ, ಅವಳಂತೆ ಕಣ್ಣು ಹೊರಳಿಸಿ ತೋರಿಸಿದೆ. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಆಮೇಲೆ ತುಣುಕು ಹಾಕಿದೆ. ಕಾಡಿಗೆ, ಜಮೀನ್ದಾರ, ಬರಹ ಎಲ್ಲ ಹಾಗೇ ಇತ್ತು. ಅವಳ ತುಟಿ ಮಾತ್ರ ಮೊದಲಿಂದ ಕೊನೆಯವರೆಗೂ ಮುಚ್ಚಿಯೇ ಇತ್ತು.

ಸಂಜೆ ಮನೆಗೆ ಬಂದವಳೇ ಮಾವನವರ ಮುಂದೆ ಹಾಕಿದೆ. ಕನ್ನಡಕ ಒರೆಸಿಕೊಂಡು ನೋಡಿದರು.

"ಈಗ ಮಾತಾಡವಲ್ಲಳು," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀ ಹೇಳಿದ್ಯೋ ಇಲ್ಲೋ?"

ನಾನು ಇಲ್ಲವೆಂದೆ. ಅವರು ಎದ್ದು ಹೊರಗೆ ಹೋದರು.

ಕಂಪ್ಯೂಟರ್ ತಿಳಿದವರಿಗೆ ತೋರಿಸಿದೆ. ಫೈಲಿಗೆ ಏನೂ ಆಗಿಲ್ಲವಂತೆ. ಏನೂ ಆಗಿಲ್ಲವಂತೆ! ಹಾಗಾದರೆ ನಾವಿಬ್ಬರು ಕಂಡದ್ದೇನು? ಈಗಲೂ ಆಗಾಗ ಆ ತುಣುಕು ಹಾಕಿಕೊಂಡು ಕೂರುತ್ತೇನೆ. ಬೈದು ನೋಡಿದ್ದೇನೆ, ತಪ್ಪಾಯಿತೆಂದು ಕೈಮುಗಿದೂ ನೋಡಿದ್ದೇನೆ. ಅವಳು ಬಾಯಿ ಬಿಟ್ಟಿಲ್ಲ.