ಮನೆಯ ವಾಕ್ಯ

ತುಟಿಗಳ ನಡುವೆ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಹರಕು ಇಂಗ್ಲಿಷ್ ಮಾತಾಡುತ್ತಿದ್ದರು ಆ ಕೊರಿಯನ್ ಆಂಟಿ. ಅಮೆರಿಕದ ಸ್ಟರ್ಲಿಂಗ್‌ನಲ್ಲಿ ಬಟ್ಟೆ ಆಲ್ಟರ್ ಮಾಡುವ ಅಂಗಡಿ ಅವರದು. ನನ್ನ ಬ್ಲೌಸು ಸಡಿಲ ಮಾಡುವಾಗೆಲ್ಲ, "ಮತ್ತೆ ದಪ್ಪ ಆಗಿದ್ದೀರಿ, ಟೀಚರ್" ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದರು. ನಾನೆಂಥ ಟೀಚರ್! ಶನಿವಾರ ಲೈಬ್ರರಿಯಲ್ಲಿ ಹೊಸಬರಿಗೆ ಇಂಗ್ಲಿಷ್ ಹೇಳಿಕೊಡುವ ವಾಲಂಟಿಯರ್, ಅಷ್ಟೇ.

ಆಂಟಿಯೂ ಅಲ್ಲಿಗೆ ಬರುತ್ತಿದ್ದರು. ಪದದ ಅರ್ಥ ಹೇಳಿದರೆ ಅವರಿಗೆ ಸಾಲದು. "ಅರ್ಥ ನನ್ನ ಫೋನೂ ಹೇಳುತ್ತೆ. ನಿಮ್ಮ ಮನೆಯ ವಾಕ್ಯ ಕೊಡಿ," ಎನ್ನುತ್ತಿದ್ದರು. ‘ಹಾರ್ಡ್‌ಲಿ’ಗೆ, ನಮ್ಮ ಯಜಮಾನರು ಹಾರ್ಡ್‌ಲಿ ಪಾತ್ರೆ ತೊಳೆಯುತ್ತಾರೆ ಎಂದಿದ್ದೆ. ಹೊಟ್ಟೆ ಹಿಡಿದುಕೊಂಡು ನಕ್ಕು ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಅಲ್ಲಿ ಬರೆದದ್ದನ್ನು ಪೂರ್ತಿ ನಂಬುತ್ತಿದ್ದರು.

ನವೆಂಬರ್‌ನ ಒಂದು ಶನಿವಾರ ಡಾಕ್ಟರ ರಿಪೋರ್ಟ್ ತಂದರು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಔಷಧಿ ‘ಇವೆಂಚುಯಲಿ’ ಕೆಲಸ ಮಾಡುವುದನ್ನು ನಿಲ್ಲಿಸುತ್ತದೆ ಎಂದು ಬರೆದಿತ್ತು. ಆಂಟಿ ಆ ಪದದ ಮೇಲೆ ಬೆರಳಿಟ್ಟರು. "ಕೊನೆಗೆ ಅಂತ ಫೋನ್ ಹೇಳುತ್ತೆ. ಆದರೆ ಎಷ್ಟು ದೂರ? ಕೊರಿಯಾದಲ್ಲಿ, ಬುಸಾನ್‌ನಲ್ಲಿ ನನ್ನ ಅಕ್ಕ ಇದ್ದಾಳೆ. ಈಗಲೇ ಹೋಗಲೋ, ಚಳಿ ಕಳೆದ ಮೇಲೋ?"

ಆ ಪದ ದೂರ ಹೇಳುವುದಿಲ್ಲ, ಡಾಕ್ಟರನ್ನೇ ಕೇಳಿ ಎನ್ನಬೇಕಿತ್ತು. ಇದೇ ಕಾಯಿಲೆಯಲ್ಲಿ ನನ್ನ ಸೋದರಮಾವ ಮೂರು ತಿಂಗಳೂ ಉಳಿದಿರಲಿಲ್ಲ. ಆದರೆ ಕಾಯಿಲೆಯವರ ಎದುರು ಕೆಟ್ಟದ್ದನ್ನು ಬಾಯಲ್ಲಿ ಆಡಬಾರದು ಎಂದು ಬೆಳೆದವಳು ನಾನು. "ನನ್ನ ಮಗಳು ಇವೆಂಚುಯಲಿ ಮದುವೆಯಾಗ್ತಾಳೆ," ಎಂದುಬಿಟ್ಟೆ. ಮಗಳಿಗಾಗ ಆರು ವರ್ಷ. ಆಂಟಿಯ ಮುಖ ಅರಳಿತು. "ಹಾಗಾದರೆ ಏಪ್ರಿಲ್‌ನಲ್ಲಿ ಹೋಗ್ತೀನಿ," ಎಂದು ಬರೆದುಕೊಂಡರು.

ಮನೆಯಲ್ಲಿ ಗಂಡನಿಗೆ ಹೇಳಿದೆ. "ಏನ್ ಮಾಡ್ಬಿಟ್ಟೆ ನೀನು? ಈಗ್ಲೇ ಕಾಲ್ ಮಾಡಿ ಸರಿಯಾಗ್ ಹೇಳು," ಎಂದರು.

"ಪಾಪ ಕಣ್ರೀ, ಅಂಥ ಮಾತು ಹೇಗ್ರೀ ಹೇಳ್ಲಿ?"

ಮುಂದಿನ ಶನಿವಾರ ಹೇಳೋಣ ಎಂದುಕೊಂಡೆ. ಅದರ ಮುಂದಿನ ಶನಿವಾರವೂ ಹಾಗೇ ಅಂದುಕೊಂಡೆ. ಹೇಡಿ ನಾನು.

ಜನವರಿಯಲ್ಲಿ ಅವರು ಹಾಸಿಗೆ ಹಿಡಿದರು. ವಿಮಾನ ಹತ್ತುವುದಿರಲಿ, ಎದ್ದು ಕೂರುವುದಕ್ಕೂ ಆಗುತ್ತಿರಲಿಲ್ಲ. ಎಂಬತ್ತು ದಾಟಿದ ಅಕ್ಕನೂ ಅಲ್ಲಿಂದ ಬರುವಂತಿರಲಿಲ್ಲ. ನಾನು ಆಸ್ಪತ್ರೆಗೆ ಹೋದಾಗ ವಿಡಿಯೋ ಕಾಲ್‌ನಲ್ಲಿ ಅಕ್ಕನನ್ನು ನೋಡುತ್ತಿದ್ದರು. ಮಾತು ಮುಗಿಸಿ, "ಅಕ್ಕನ ಕೈ ಯಾವಾಗಲೂ ಬೆಚ್ಚಗಿರುತ್ತೆ. ಫೋನಿನಲ್ಲಿ ಗೊತ್ತಾಗಲ್ಲ," ಎಂದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹತ್ತು ದಿನಕ್ಕೆ ತೀರಿಕೊಂಡರು. ಅಟ್ಲಾಂಟಾದಿಂದ ಬಂದಿದ್ದ ಅವರ ಮಗಳು ನನ್ನನ್ನು ಅಪ್ಪಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. "ಬೇರೆಯವರೆಲ್ಲ ಅಮ್ಮನಿಗೆ ಅರ್ಧಂಬರ್ಧ ಹೇಳ್ತಿದ್ದರು. ನೀವೊಬ್ಬರೇ ಇದ್ದದ್ದನ್ನು ಇದ್ದ ಹಾಗೆ ಹೇಳ್ತೀರಿ ಅಂತ ಅಮ್ಮ ಹೇಳ್ತಿದ್ದಳು, ಟೀಚರ್. ಥ್ಯಾಂಕ್ಸ್."

ನಾನು ಅವಳ ಬೆನ್ನು ಸವರಿದೆ. ನಿಜ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.